ಎಸ್ಸೆಸ್ಸೆಲ್ಸಿ: ಮೊದಲು ತಿದ್ದಬೇಕಾದ್ದು ಪ್ರಶ್ನೆಪತ್ರಿಕೆ

ರಾಜ್ಯದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಐದು ವರ್ಷಗಳ ಫಲಿತಾಂಶವನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2021ರಲ್ಲಿ ಶೇ 99.9 ಮಂದಿ ಉತ್ತೀರ್ಣ. 2022ರಲ್ಲಿ ಶೇ 85.63, 2023ರಲ್ಲಿ ಶೇ 83.89, 2024ರಲ್ಲಿ ಶೇ 73.40. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಇದೇ ಐದು ವರ್ಷಗಳಲ್ಲಿ 625ಕ್ಕೆ 625 ಅಂಕ ತೆಗೆದವರು ಕ್ರಮವಾಗಿ 157, 145, 4, 1 ಮತ್ತು 22 ಮಂದಿ.

ಇಷ್ಟು ಕಡಿಮೆ ಅವಧಿಯಲ್ಲಿ ಮಕ್ಕಳ ಕಲಿಕೆಯಾಗಲಿ, ಮೇಷ್ಟ್ರ ಪಾಠವಾಗಲಿ ಈ ಮಟ್ಟಕ್ಕೆ ಏರಿಳಿಯುವುದು ಸಾಧ್ಯವಿಲ್ಲ. ಏರಿಳಿದದ್ದು ಪರೀಕ್ಷೆ. 2021ರಲ್ಲಿ ಕೋವಿಡ್ ಕಾರಣದಿಂದ ಎರಡೇ ದಿನಗಳಲ್ಲಿ ಬಹುಆಯ್ಕೆಯ ಪ್ರಶ್ನೆಗಳಿಗೆ ಓಎಂಆರ್ ಹಾಳೆಯಲ್ಲಿ ಗುರುತು ಹಾಕಿಸಿ ಪರೀಕ್ಷೆ ಮುಗಿಸಲಾಯಿತು. ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ ಮೊದಲೇ ಹೇಳಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಕುಸಿಯಿತು. ಅದನ್ನು ಎತ್ತಿ ಹಿಡಿಯಲು ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಹಾಗೆ ಏರಿಸದಿದ್ದರೆ ಆ ವರ್ಷದ ಫಲಿತಾಂಶ ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಮರುವರ್ಷ ಆ ಸೌಲಭ್ಯ ಹಿಂದಕ್ಕೆ ಹೋಯಿತು. 2025–26ರಿಂದ ಉತ್ತೀರ್ಣತೆಯ ಮಿತಿಯೇ ಶೇ 35ರಿಂದ 33ಕ್ಕೆ, ಅಂದರೆ 625ಕ್ಕೆ 206 ಅಂಕಗಳಿಗೆ ಇಳಿಯಿತು.

ಪ್ರತಿ ಹೆಜ್ಜೆಗೂ ಅದರದೇ ಸಮರ್ಥನೆ ಇದೆ. ಆದರೆ ಇವೆಲ್ಲವೂ ಪರೀಕ್ಷೆಯ ಹೊರಗೋಡೆಯ ಕೆಲಸ: ಕಾವಲು, ಮಿತಿ, ರಿಯಾಯಿತಿ. ಗೋಡೆಯೊಳಗೆ ಏನು ನಡೆಯುತ್ತಿದೆ, ಯಾವ ಪ್ರಶ್ನೆ ಕೇಳುತ್ತೇವೆ, ಅದನ್ನು ಹೇಗೆ ಆರಿಸುತ್ತೇವೆ, ಉತ್ತರವನ್ನು ಹೇಗೆ ತೂಗುತ್ತೇವೆ, ಈ ವರ್ಷದ 60 ಅಂಕಕ್ಕೂ ಹೋದ ವರ್ಷದ 60 ಅಂಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗಳು ಚರ್ಚೆಗೇ ಬರುವುದಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆಯ ಗುಣಮಟ್ಟ ನಿರ್ಧಾರವಾಗುವುದು ಅಲ್ಲಿಯೇ. ಸುಧಾರಣೆ ಶುರುವಾಗಬೇಕಾದ್ದೂ ಅಲ್ಲಿಂದಲೇ.

ಒಂದೇ ಹೆಗಲಿಗೆ ನಾಲ್ಕು ಹೊರೆ

ಎಸ್ಸೆಸ್ಸೆಲ್ಸಿಯಿಂದ ನಾವು ನಾಲ್ಕು ಕೆಲಸ ನಿರೀಕ್ಷಿಸುತ್ತೇವೆ. ಹತ್ತು ವರ್ಷ ಶಾಲೆಯಲ್ಲಿ ಕಲಿಯಬೇಕಾದ ಕನಿಷ್ಠವನ್ನು ಮಗು ಕಲಿತಿದೆಯೇ ಎಂದು ಅದು ಪ್ರಮಾಣೀಕರಿಸಬೇಕು. ಮುಂದೆ ವಿಜ್ಞಾನವೋ ವಾಣಿಜ್ಯವೋ ಡಿಪ್ಲೊಮಾವೋ ಐಟಿಐಯೋ ಎಂಬ ಆಯ್ಕೆಗೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಬೇಕು. ಶಾಲೆ, ತಾಲ್ಲೂಕು, ಜಿಲ್ಲೆಗಳ ಸಾಧನೆಯನ್ನು ಅಳೆಯಬೇಕು. ನಾಲ್ಕನೆಯದನ್ನು ಯಾವ ಸುತ್ತೋಲೆಯಲ್ಲೂ ಬರೆದಿರುವುದಿಲ್ಲ, ಆದರೆ ಅದೇ ದೊಡ್ಡದು: ಎಂಟು, ಒಂಬತ್ತು, ಹತ್ತನೇ ತರಗತಿಯ ಕೊಠಡಿಗಳಲ್ಲಿ ದಿನನಿತ್ಯ ಏನು ನಡೆಯಬೇಕು ಎಂಬುದನ್ನು ತೀರ್ಮಾನಿಸುವುದು ಈ ಪರೀಕ್ಷೆಯೇ.

ಈ ಕೆಲಸಗಳು ಒಂದಕ್ಕೊಂದು ಎದುರು ಎಳೆಯುತ್ತವೆ. ಕನಿಷ್ಠ ಕಲಿಕೆಯನ್ನು ಪ್ರಮಾಣೀಕರಿಸಲು ಸುಲಭ ಮತ್ತು ಮಧ್ಯಮ ಮಟ್ಟದ ಪ್ರಶ್ನೆಗಳು ಹೆಚ್ಚು ಬೇಕು. ಮುಂಚೂಣಿಯ ಮಕ್ಕಳನ್ನು ವಿಂಗಡಿಸಲು ಕಠಿಣ ಪ್ರಶ್ನೆಗಳು ಬೇಕು. 145 ಮಕ್ಕಳು ಒಂದಂಕವೂ ಬಿಡದೆ ಪೂರ್ಣಾಂಕ ಪಡೆದ ವರ್ಷದಲ್ಲಿ ಅವರಲ್ಲಿ ಯಾರು ಎಷ್ಟು ಮುಂದೆ ಎಂದು ಆ ಪತ್ರಿಕೆ ಹೇಳಲಾರದು. ಶೇ 37ಕ್ಕೂ ಹೆಚ್ಚು ಮಕ್ಕಳು ಉತ್ತೀರ್ಣರಾಗದ ವರ್ಷದಲ್ಲಿ ಅವರಿಗೆ ಬಾರದೇ ಹೋದದ್ದು ಯಾವುದು ಎಂಬುದನ್ನೂ ಅಂಕಪಟ್ಟಿ ಹೇಳಲಾರದು. ಭಿನ್ನರಾಶಿ ಬಾರದ ಮಗುವಿಗೂ, ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳಲಾಗದ ಮಗುವಿಗೂ, ಹಾಜರಾತಿಯೇ ಇಲ್ಲದ ಮಗುವಿಗೂ ಸಿಗುವುದು ಒಂದೇ ಮುದ್ರೆ.

ಆದ್ದರಿಂದ ಯಾವ ಕೆಲಸಕ್ಕೆ ಮೊದಲ ಸ್ಥಾನ ಎಂದು ತೀರ್ಮಾನಿಸಬೇಕು. ಹತ್ತನೇ ತರಗತಿಯ ಮಟ್ಟಿಗೆ ಉತ್ತರ ಸ್ಪಷ್ಟವಿದೆ: ಪ್ರಮಾಣೀಕರಣ. ಮಗು ಏನು ಮಾಡಬಲ್ಲದು ಎಂಬುದನ್ನು ಈ ಪರೀಕ್ಷೆ ನಂಬುವಂತೆ ಹೇಳಬೇಕು. ಉಳಿದ ಕೆಲಸಗಳಿಗೆ ಬೇರೆ ದಾರಿಗಳಿವೆ. ವೃತ್ತಿ ಶಿಕ್ಷಣದ ಸೀಟುಗಳಿಗಾಗಿ 1994ರಿಂದಲೇ ಸಿಇಟಿ ಇದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬ ಸೂತ್ರವೂ ಇದೆ.

ಬ್ಲೂಪ್ರಿಂಟ್ ಕಾಗದದ ಮೇಲೆ, ಗೈಡ್ ಮಕ್ಕಳ ಕೈಯಲ್ಲಿ

ಪರೀಕ್ಷೆ ಮಗುವಿನ ಸಾಮರ್ಥ್ಯ ಹೇಳಬೇಕೆಂದರೆ ಪ್ರಶ್ನೆಗಳು ಸಾಮರ್ಥ್ಯವನ್ನು ಕೇಳಬೇಕು. ಈ ಮಾತು ಹೊಸದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ರಾಧಾಕೃಷ್ಣನ್ ಆಯೋಗ ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸಬೇಕಾದರೆ ಅದು ಪರೀಕ್ಷೆಯದ್ದೇ ಎಂದಿತ್ತು. ಮುದಲಿಯಾರ್ ಆಯೋಗ ಪ್ರೌಢಶಿಕ್ಷಣದ ಬಗ್ಗೆ, 1964–66ರ ಕೊಠಾರಿ ಆಯೋಗ ಇಡೀ ಶಿಕ್ಷಣ ವ್ಯವಸ್ಥೆಯ ಬಗ್ಗೆ ಬರೆಯುವಾಗಲೂ ಪರೀಕ್ಷೆಯ ಹಿಡಿತವನ್ನು ಗುರುತಿಸಿದವು. ಷಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳ ವರ್ಗೀಕರಣ ಪ್ರಕಟಿಸಿದ್ದು 1956ರಲ್ಲಿ. ಅದಾಗಿ ಎರಡು ವರ್ಷದೊಳಗೆ ಬ್ಲೂಮ್ ಭಾರತಕ್ಕೆ ಬಂದು ಇಲ್ಲಿನ ಶಿಕ್ಷಕರೊಂದಿಗೆ ಪರೀಕ್ಷಾ ಸುಧಾರಣೆಯ ಕೆಲಸ ಮಾಡಿದರು. ಇವತ್ತು ನಮ್ಮ ಪ್ರಶ್ನೆಪತ್ರಿಕೆಗಳ ನೀಲನಕ್ಷೆಯಲ್ಲಿ ಕಾಣುವ ಸ್ಮರಣೆ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಕಂಬಸಾಲುಗಳು ಅಲ್ಲಿಂದ ಬಂದವು.

ಎಂದರೆ ಯಾವುದನ್ನು ಎಷ್ಟು ಕೇಳಬೇಕೆಂಬ ಲೆಕ್ಕ ನಮ್ಮಲ್ಲಿ ದಶಕಗಳಿಂದ ಇದೆ. ತೊಂದರೆ ಇರುವುದು ಆ ಕಂಬಸಾಲುಗಳನ್ನು ತುಂಬುವ ರೀತಿಯಲ್ಲಿ. ಪಠ್ಯಪುಸ್ತಕದ ಅಭ್ಯಾಸದಲ್ಲೇ ಇರುವ ಲೆಕ್ಕದ ಅಂಕಿ ಬದಲಿಸಿ ಕೇಳಿದರೆ ಅದು ‘ಅನ್ವಯ’ದ ಕಂಬಕ್ಕೆ ಸೇರುತ್ತದೆ. ಪ್ರತಿವರ್ಷ ಬರುವ ಅದೇ ಪ್ರಮೇಯದ ಸಾಧನೆ ‘ತಿಳುವಳಿಕೆ’ಗೆ ಸೇರುತ್ತದೆ. ಯಾವ ಪಾಠಕ್ಕೆ ಎಷ್ಟು ಅಂಕ, ಯಾವ ಪ್ರಶ್ನೆ ಎಷ್ಟನೇ ಸಂಖ್ಯೆಯಲ್ಲಿ ಎಂಬುದು ನಾಲ್ಕೈದು ವರ್ಷದ ಪತ್ರಿಕೆ ಬಿಡಿಸಿ ನೋಡಿದ ಯಾರಿಗಾದರೂ ತಿಳಿಯುತ್ತದೆ. ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಹೊತ್ತಗೆ ಓಡಾಡುವುದು ಇದೇ ಕಾರಣಕ್ಕೆ. ಇಂತಿಷ್ಟು ಚಿತ್ರ, ಇಂತಿಷ್ಟು ಪ್ರಮೇಯ, ಎರಡು ಪತ್ರ, ಒಂದು ಪ್ರಬಂಧ ಬಾಯಿಪಾಠ ಮಾಡಿದರೆ ದಡ ಸೇರಬಹುದು. ಅದನ್ನು ಸಿದ್ಧಪಡಿಸುವ ಶಿಕ್ಷಕರನ್ನು ದೂರುವುದು ಅನ್ಯಾಯ. ಹಿಂದುಳಿದ ಮಕ್ಕಳನ್ನು ಹೇಗಾದರೂ ಪಾರು ಮಾಡಬೇಕೆಂಬ ಕಳಕಳಿಯಿಂದಲೇ ಅವರು ರಾತ್ರಿ ತರಗತಿಯನ್ನೂ ನಡೆಸುತ್ತಾರೆ. ಪರೀಕ್ಷೆ ಬಾಯಿಪಾಠಕ್ಕೆ ಬೆಲೆ ಕೊಡುವವರೆಗೆ ತರಗತಿಯೂ ಅದಕ್ಕೇ ಬೆಲೆ ಕೊಡುತ್ತದೆ.

ವಿಜ್ಞಾನದ ಒಂದು ಉದಾಹರಣೆ ನೋಡೋಣ. ಓಮ್‌ನ ನಿಯಮವನ್ನು ನಿರೂಪಿಸಿ ಎಂದು ಕೇಳಿದರೆ ಎರಡು ಸಾಲು ನೆನಪಿದ್ದವರು ಅಂಕ ಪಡೆಯುತ್ತಾರೆ. ಅದರ ಬದಲು ಹೀಗೆ ಕೇಳಬಹುದು: ‘ಒಂದು ವಾಹಕಕ್ಕೆ 1.5, 3.0, 4.5 ಮತ್ತು 6.0 ವೋಲ್ಟ್ ವಿಭವಾಂತರ ಕೊಟ್ಟಾಗ ವಿದ್ಯಾರ್ಥಿಯೊಬ್ಬಳು ಕ್ರಮವಾಗಿ 0.3, 0.6, 0.7 ಮತ್ತು 1.2 ಆಂಪೇರ್ ವಿದ್ಯುತ್ ಹರಿಯಿತೆಂದು ಬರೆದುಕೊಂಡಿದ್ದಾಳೆ. ಒಂದು ಅಳತೆಯಲ್ಲಿ ತಪ್ಪಾಗಿರಬಹುದು. ಯಾವುದು? ಹೇಗೆ ಗೊತ್ತಾಯಿತು?’ ಮೂರನೆಯ ಅಳತೆ 0.9 ಆಗಬೇಕಿತ್ತು ಎಂದು ಕಂಡುಹಿಡಿಯಲು ದೊಡ್ಡ ಗಣಿತ ಬೇಕಿಲ್ಲ. ನಿಯಮ ಅರ್ಥವಾಗಿರಬೇಕು, ಅಷ್ಟೆ. ನಿಯಮದ ವಾಕ್ಯ ಮರೆತ ಮಗುವೂ ಉಳಿದ ಮೂರು ಅಳತೆಗಳಲ್ಲಿ ಭಾಗಾಕಾರ ಮಾಡಿದರೆ 5 ಓಮ್ ಬರುವುದನ್ನು ಗಮನಿಸಿ ಉತ್ತರ ಬರೆಯಬಲ್ಲದು. ಇಂಥ ಪ್ರಶ್ನೆ ಬರುತ್ತದೆಂದು ತಿಳಿದರೆ ಮೇಷ್ಟ್ರು ಬೀರುವಿನಲ್ಲಿರುವ ಅಮ್ಮೀಟರನ್ನು ಹೊರಗೆ ತೆಗೆಯುತ್ತಾರೆ.

ಭಾಷೆಯ ಪತ್ರಿಕೆಗೂ ಇದೇ ಮಾತು. ಪ್ರಥಮ ಭಾಷೆ ಕನ್ನಡಕ್ಕೆ ಲಿಖಿತ ಪರೀಕ್ಷೆಯಲ್ಲಿ 100 ಅಂಕಗಳಿವೆ, ಬೇರಾವ ವಿಷಯಕ್ಕೂ ಅಷ್ಟಿಲ್ಲ. ಆದರೆ ಮಗು ತಾನು ಎಂದೂ ಕಾಣದ ಬರಹವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಸಿಗುವ ಪಾಲು ಚಿಕ್ಕದು. ಪಾಠ ಮಾಡಿದ ಗದ್ಯಪದ್ಯಗಳ ಸಾರಾಂಶ, ಕವಿಪರಿಚಯ, ಸಂದರ್ಭ ಸ್ವಾರಸ್ಯಗಳದ್ದೇ ಸಿಂಹಪಾಲು. 1852ರಿಂದ ನಡೆದು ಬಂದಿರುವ ಫಿನ್ಲೆಂಡಿನ ಶಾಲಾಂತ್ಯ ಪರೀಕ್ಷೆಯಲ್ಲಿ ಮಾತೃಭಾಷೆಗೆ ಈಗ ಎರಡು ಪತ್ರಿಕೆಗಳಿವೆ: ಒಂದು ಓದಿಗೆ, ಇನ್ನೊಂದು ಬರವಣಿಗೆಗೆ. ಬರವಣಿಗೆಯ ಪತ್ರಿಕೆಯಲ್ಲಿ ಆಕರ ಬರಹಗಳನ್ನು ಅಲ್ಲೇ ಕೊಟ್ಟು, ಅವನ್ನು ಬಳಸಿ ಸ್ವಂತ ಲೇಖನ ಬರೆಯಲು ಹೇಳುತ್ತಾರೆ. ಒಂದು ಪತ್ರಿಕಾ ವರದಿ, ಒಂದು ಗ್ರಾಮ ಪಂಚಾಯಿತಿ ನೋಟಿಸು, ಬಸ್ ವೇಳಾಪಟ್ಟಿ ಕೊಟ್ಟು ‘ಊರಿನ ಬಸ್ ಸೌಕರ್ಯದ ಬಗ್ಗೆ ಡಿಪೊ ಮ್ಯಾನೇಜರಿಗೆ ಪತ್ರ ಬರೆಯಿರಿ’ ಎಂದು ನಮ್ಮ ಮಕ್ಕಳನ್ನೂ ಕೇಳಬಹುದು. ಬಾಯಿಪಾಠದ ಪತ್ರ ಆಗ ಕೆಲಸಕ್ಕೆ ಬಾರದು.

ಇಲ್ಲಿ ಒಂದು ಆತಂಕ ಸಹಜ. ಯೋಚಿಸುವ ಪ್ರಶ್ನೆ ಹೆಚ್ಚಾದರೆ ಹಳ್ಳಿಯ, ಬಡವರ, ಮೊದಲ ತಲೆಮಾರಿನ ಮಕ್ಕಳು ಸೋಲುತ್ತಾರೆ ಎಂಬುದು ಅದು. ಈ ಆತಂಕವನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಆದರೆ ಪ್ರಶ್ನೆಯ ಬಗೆ ಬೇರೆ, ಪ್ರಶ್ನೆಯ ಕಠಿಣತೆ ಬೇರೆ. ನೆನಪಿನ ಪ್ರಶ್ನೆ ಅತಿ ಕಠಿಣವಾಗಿರಬಹುದು, ಅನ್ವಯದ ಪ್ರಶ್ನೆ ಅತಿ ಸುಲಭವಾಗಿರಬಹುದು. ಅಪ್ಪನ ಜೊತೆ ಗೊಬ್ಬರದ ಅಂಗಡಿಗೆ ಹೋಗಿ ಲೆಕ್ಕ ಹಾಕುವ ಮಗುವಿಗೆ ಶೇಕಡಾವಾರು ಲೆಕ್ಕ ಬದುಕಿನಿಂದಲೇ ಬರಬಹುದು. ಸೂತ್ರದ ಹೆಸರು ಕೇಳಿದರೆ ಅದೇ ಮಗು ತಡವರಿಸಬಹುದು. ಪ್ರಶ್ನೆಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದಾಗ ವಾಕ್ಯ ಗಂಟುಗಂಟಾಗಿ, ವಿಷಯ ಗೊತ್ತಿದ್ದ ಮಗುವೂ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರಶ್ನೆಗಳನ್ನು ಕನ್ನಡದಲ್ಲೇ ರೂಪಿಸುವುದು ನ್ಯಾಯದ ಮೊದಲ ಹೆಜ್ಜೆ. ಇನ್ನು ಬದಲಾವಣೆಯ ವೇಗ. ಸಿಬಿಎಸ್‌ಇ ತನ್ನ ಪತ್ರಿಕೆಗಳಲ್ಲಿ ಸಾಮರ್ಥ್ಯಾಧಾರಿತ ಪ್ರಶ್ನೆಗಳ ಪಾಲನ್ನು ಹಂತಹಂತವಾಗಿ ಅರ್ಧದವರೆಗೆ ಏರಿಸಿದೆ. ಇಲ್ಲಿಯೂ ವರ್ಷಕ್ಕಿಷ್ಟು ಎಂದು ಮೊದಲೇ ಪ್ರಕಟಿಸಿ, ಎಂಟನೇ ತರಗತಿಯಿಂದಲೇ ಮಾದರಿ ಪ್ರಶ್ನೆಗಳನ್ನು ಕೊಡುತ್ತ ಹೋದರೆ ಯಾರಿಗೂ ಆಘಾತವಾಗದು.

ಪರೀಕ್ಷೆಗೂ ಒಂದು ಪರೀಕ್ಷೆ

ಒಳ್ಳೆಯ ಪ್ರಶ್ನೆ ಒಬ್ಬ ಅನುಭವಿ ಶಿಕ್ಷಕರ ಮನಸ್ಸಿನಲ್ಲಿ ಹುಟ್ಟುತ್ತದೆ ನಿಜ. ಆದರೆ ಅದು ಒಳ್ಳೆಯದೋ ಅಲ್ಲವೋ ಎಂದು ತೋರಿಸಿಕೊಡುವವರು ಮಕ್ಕಳು. ಕೆಲವು ನೂರು ಮಕ್ಕಳ ಮುಂದಿಟ್ಟು ನೋಡಿದರೆ ನಾಲ್ಕು ಸಂಗತಿ ಗೊತ್ತಾಗುತ್ತವೆ: ಎಷ್ಟು ಮಂದಿ ಸರಿ ಬರೆದರು, ವಿಷಯ ಚೆನ್ನಾಗಿ ಬಲ್ಲವರು ಸರಿಯಾಗಿ, ಬಾರದವರು ತಪ್ಪಾಗಿ ಬರೆದರೇ ಅಥವಾ ಉಲ್ಟಾ ಆಯಿತೇ, ಪ್ರಶ್ನೆಗೆ ಎರಡು ಅರ್ಥ ಹುಟ್ಟಿತೇ, ಕನ್ನಡ ಮಾಧ್ಯಮ, ಉರ್ದು ಮಾಧ್ಯಮ, ಇಂಗ್ಲಿಷ್ ಮಾಧ್ಯಮದ ಸಮಾನ ಸಾಮರ್ಥ್ಯದ ಮಕ್ಕಳಿಗೆ ಅದು ಸಮಾನವಾಗಿ ಕಂಡಿತೇ. ಇದನ್ನು ಪೂರ್ವಪರೀಕ್ಷೆ ಎನ್ನಬಹುದು. ಇದಿಲ್ಲದೆ ಪ್ರಶ್ನೆಯೊಂದು ‘ಸುಲಭ’, ‘ಮಧ್ಯಮ’, ‘ಕಠಿಣ’ ಎಂದು ನೀಲನಕ್ಷೆಯಲ್ಲಿ ಬರೆಯುವುದು ಅಂದಾಜಷ್ಟೇ.

ಅಂದಾಜಿನ ಮೇಲೆ ನಡೆದರೆ ಏನಾಗುತ್ತದೆಂದು 2024ರ ಏಪ್ರಿಲ್‌ನಲ್ಲಿ ರಾಜ್ಯ ಕಂಡಿತು. ಆ ವರ್ಷದ ಸಿಇಟಿಯಲ್ಲಿ ನಾಲ್ಕು ವಿಷಯಗಳಿಗೆ ತಲಾ 60ರಂತೆ 240 ಪ್ರಶ್ನೆಗಳಿದ್ದವು. ಪಿಯು ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳಿಂದ ಪ್ರಶ್ನೆಗಳು ಬಂದಿದ್ದವು. ಭೌತವಿಜ್ಞಾನದಲ್ಲಿ 9, ರಸಾಯನವಿಜ್ಞಾನದಲ್ಲಿ 15, ಗಣಿತದಲ್ಲಿ 15, ಜೀವವಿಜ್ಞಾನದಲ್ಲಿ 11, ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಐದರಲ್ಲೊಂದು ಭಾಗಕ್ಕಿಂತ ಹೆಚ್ಚು ಪ್ರಶ್ನೆಗಳು ಬಿದ್ದುಹೋದ ಮೇಲೆ ಉಳಿದ ಪತ್ರಿಕೆಯ ಸಮತೋಲನ ಏನಾಗಿರಬೇಕು? ಬಾರದ ಪ್ರಶ್ನೆಯ ಮುಂದೆ ಹತ್ತು ನಿಮಿಷ ಕಳೆದ ಮಗುವಿಗೆ ಆ ಹತ್ತು ನಿಮಿಷವನ್ನು ಯಾರೂ ತಿರುಗಿ ಕೊಡಲಾರರು. ಪ್ರಶ್ನೆ ಬರೆಯುವವರು, ಅದನ್ನು ಪಠ್ಯದ ಜೊತೆ ತಾಳೆ ನೋಡುವವರು, ಅಂತಿಮವಾಗಿ ಒಪ್ಪುವವರು ಬೇರೆಬೇರೆಯಾಗಿದ್ದು, ಪ್ರತಿ ಹಂತಕ್ಕೂ ಸಹಿ ಇದ್ದರೆ ಇಂಥದ್ದು ಮೂಲದಲ್ಲೇ ನಿಲ್ಲುತ್ತದೆ.

ಪೂರ್ವಪರೀಕ್ಷೆ ಮಾಡಿದರೆ ಪ್ರಶ್ನೆ ಸೋರಿಹೋಗುವುದಿಲ್ಲವೇ ಎಂಬ ಸಂದೇಹ ಬರುತ್ತದೆ. 2016ರ ಮಾರ್ಚ್ 21ರಂದು ದ್ವಿತೀಯ ಪಿಯು ರಸಾಯನವಿಜ್ಞಾನ ಪತ್ರಿಕೆ ಸೋರಿ, ಮಾರ್ಚ್ 31ರ ಮರುಪರೀಕ್ಷೆಯ ಪತ್ರಿಕೆಯೂ ಸೋರಿ, ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಪರೀಕ್ಷೆ ಬರೆದದ್ದನ್ನು ಈ ರಾಜ್ಯ ಮರೆತಿಲ್ಲ. ಆದರೆ ಸೋರಿಕೆಯ ವಿರುದ್ಧ ಅತಿ ಗಟ್ಟಿ ರಕ್ಷಣೆ ದೊಡ್ಡ ಪ್ರಶ್ನೆಕೋಶವೇ. ಪ್ರತಿ ವಿಷಯಕ್ಕೆ ಸಾವಿರಾರು ಪ್ರಶ್ನೆಗಳಿದ್ದು, ಯಾವುದು ಯಾವ ವರ್ಷ ಬರುತ್ತದೆಂದು ಯಾರಿಗೂ ತಿಳಿಯದಿದ್ದರೆ ಪೂರ್ವಪರೀಕ್ಷೆಯಲ್ಲಿ ಕಂಡ ಒಂದೆರಡು ಪ್ರಶ್ನೆಯಿಂದ ಯಾರಿಗೂ ಲಾಭವಿಲ್ಲ. ಜೂನ್‌ನಲ್ಲಿ ಪ್ರಥಮ ಪಿಯು ಸೇರಿದ ಮಕ್ಕಳಿಗೆ, ಹತ್ತನೇ ತರಗತಿಯ ಪಾಠ ಇನ್ನೂ ಮನಸ್ಸಿನಲ್ಲಿರುವಾಗ, ಸ್ವಲ್ಪಸ್ವಲ್ಪ ಪ್ರಶ್ನೆಗಳನ್ನು ಹಂಚಿ ಪರೀಕ್ಷಿಸಬಹುದು. ಅವು ಮೂರ್ನಾಲ್ಕು ವರ್ಷ ಕಳೆದು ಯಾವುದೋ ಪತ್ರಿಕೆಯಲ್ಲಿ ಕಾಣಿಸಿಕೊಳ್ಳಬಹುದು.

ತೂಗುವ ಕೈ

ಇನ್ನು ಮೌಲ್ಯಮಾಪನ. ಇದರ ಬಗ್ಗೆ ಅತಿ ಮುಖ್ಯವಾದ ಅಧ್ಯಯನಗಳಲ್ಲೊಂದನ್ನು ಮಾಡಿದವರು ನಮ್ಮ ಉಪಖಂಡವನ್ನು ಚೆನ್ನಾಗಿ ಬಲ್ಲವರೇ. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ, 1929ರಲ್ಲಿ ಭಾರತದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ಫಿಲಿಪ್ ಹಾರ್ಟೋಗ್ ಅವರು ಇ.ಸಿ. ರೋಡ್ಸ್ ಜೊತೆಗೂಡಿ 1935ರಲ್ಲಿ ಇಂಗ್ಲೆಂಡಿನ ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದರು. ಸಮಾನ ಅಂಕ ಪಡೆದಿದ್ದ ಇತಿಹಾಸದ 15 ಉತ್ತರಪತ್ರಿಕೆಗಳನ್ನು ಅನುಭವಿ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು ಅವೇ ಪತ್ರಿಕೆಗಳನ್ನು ಅವರಲ್ಲಿ 14 ಮಂದಿಗೆ ಮತ್ತೆ ಕೊಟ್ಟರು. ಫೇಲ್, ಪಾಸ್, ಉತ್ತಮ ದರ್ಜೆ ಎಂಬ ತೀರ್ಪುಗಳನ್ನು ಹೋಲಿಸಿದಾಗ ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದವು. ಅದೇ ಪರೀಕ್ಷಕ, ಅದೇ ಉತ್ತರ, ಬೇರೆ ಫಲಿತಾಂಶ.

ಅಂದಿನಿಂದ ಜಗತ್ತು ಕಲಿತ ಪಾಠ ಸರಳ: ಮೌಲ್ಯಮಾಪಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಏಪ್ರಿಲ್ ಬಿಸಿಲಿನಲ್ಲಿ, ಕಟ್ಟುಗಟ್ಟಲೆ ಪತ್ರಿಕೆ ಮುಗಿಸುವ ಒತ್ತಡದಲ್ಲಿ, ಬೆಳಗಿನ ಪತ್ರಿಕೆಗೂ ಸಂಜೆಯ ಪತ್ರಿಕೆಗೂ ವ್ಯತ್ಯಾಸ ಬಂದೇ ಬರುತ್ತದೆ. ಕೀ ಉತ್ತರವೂ, ಉಪಮುಖ್ಯ ಮೌಲ್ಯಮಾಪಕರ ಮೇಲ್ವಿಚಾರಣೆಯೂ ನಮ್ಮಲ್ಲಿವೆ. ಆದರೆ ಹಲವೆಡೆ ಕೀ ಉತ್ತರ ‘ಈ ಅಂಶಗಳಿದ್ದರೆ ಇಷ್ಟು ಅಂಕ’ ಎಂಬ ಪಟ್ಟಿಯಾಗಿದ್ದು, ಪಠ್ಯಪುಸ್ತಕದ ವಾಕ್ಯವನ್ನೇ ಹುಡುಕುವಂತೆ ಮೌಲ್ಯಮಾಪಕರನ್ನು ತಳ್ಳುತ್ತದೆ. ಸ್ವಂತ ಮಾತಿನಲ್ಲಿ ಸರಿಯಾಗಿ ಬರೆದ ಮಗು ಅಲ್ಲಿ ಅಂಕ ಕಳೆದುಕೊಂಡರೆ, ಸ್ವಂತ ಮಾತು ಬೇಡವೆಂಬ ಸಂದೇಶ ಇಡೀ ರಾಜ್ಯಕ್ಕೆ ಹೋಗುತ್ತದೆ. ತೆರೆದ ಪ್ರಶ್ನೆಗಳಿಗೆ ಹಂತಗಳ ವಿವರಣೆ ಬೇಕು: ಪೂರ್ಣ ಅಂಕದ ಉತ್ತರ ಹೇಗಿರುತ್ತದೆ, ಅರ್ಧ ಅಂಕದ್ದು ಹೇಗಿರುತ್ತದೆ ಎಂದು ಮಕ್ಕಳೇ ಬರೆದ ನಿಜವಾದ ಉತ್ತರಗಳನ್ನು ಮುಂದಿಟ್ಟುಕೊಂಡು ಎಲ್ಲ ಕೇಂದ್ರಗಳ ಮೌಲ್ಯಮಾಪಕರೂ ಮೊದಲ ದಿನ ಅಭ್ಯಾಸ ಮಾಡಬೇಕು.

ತಂತ್ರಜ್ಞಾನ ನೆರವಾಗುವುದು ಇಲ್ಲಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸುತ್ತಿದೆ. ಇದೇ ಕ್ರಮದಲ್ಲಿ ಒಬ್ಬ ಮೌಲ್ಯಮಾಪಕರಿಗೆ ಇಡೀ ಪತ್ರಿಕೆ ಕೊಡುವ ಬದಲು ಒಂದೇ ಪ್ರಶ್ನೆಯ ನೂರಾರು ಉತ್ತರಗಳನ್ನು ಕೊಡಬಹುದು. ಆಗ ಒಂದು ಮಗುವಿನ ಪತ್ರಿಕೆ ಹತ್ತಾರು ಕೈಗಳಲ್ಲಿ ಹಾದುಹೋಗಿ, ಒಬ್ಬರ ಬಿಗಿತನ ಅದರ ಮೇಲೆ ಪೂರ್ತಿಯಾಗಿ ಬೀಳುವುದಿಲ್ಲ. ನಡುನಡುವೆ ತಜ್ಞರು ಮೊದಲೇ ಅಂಕ ನಿಗದಿ ಮಾಡಿದ ಉತ್ತರಗಳನ್ನು ಗುಟ್ಟಾಗಿ ಸೇರಿಸಿ, ಯಾರ ಕೈ ದಾರಿ ತಪ್ಪುತ್ತಿದೆ ಎಂದು ಅದೇ ದಿನ ತಿಳಿಯಬಹುದು. ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮಲ್ಲಿ ನಕಲು ಪ್ರತಿ, ಮರುಮೌಲ್ಯಮಾಪನ ಎರಡೂ ಇವೆ. ಆದರೆ ಅವು ಅರ್ಜಿ ಹಾಕುವ ತಿಳಿವಳಿಕೆ, ಶುಲ್ಕ ಕಟ್ಟುವ ಶಕ್ತಿ ಇದ್ದವರ ದಾರಿ. ಮೊದಲ ಸಲವೇ ಸರಿಯಾಗಿ ತೂಗುವುದು ಎಲ್ಲರ ದಾರಿ.

ಕೃಪೆಗಿಂತ ಲೆಕ್ಕ ಮೇಲು

ಊರಿನ ಸಂತೆಯಲ್ಲಿ ಪ್ರತಿ ವಾರ ಬೇರೆ ಗಾತ್ರದ ಬಳ್ಳ ತಂದು ರಾಗಿ ಅಳೆದರೆ ಈ ವಾರ ಬೆಳೆ ಹೆಚ್ಚು, ಹೋದ ವಾರ ಕಡಿಮೆ ಎಂದು ಹೇಳಲು ಬರುವುದಿಲ್ಲ. ನಮ್ಮ ಫಲಿತಾಂಶದ ಚರ್ಚೆ ಇದೇ ಸ್ಥಿತಿಯಲ್ಲಿದೆ. ಪತ್ರಿಕೆಯೊಂದು ಹಿಂದಿನ ವರ್ಷಕ್ಕಿಂತ ಎಷ್ಟು ಕಠಿಣ ಎಂದು ತಿಳಿಯುವ ವಿಧಾನವೇ ಇಲ್ಲದಿರುವಾಗ ಕೃಪಾಂಕ ಬರುತ್ತದೆ, ಹೋಗುತ್ತದೆ.

ನೆದರ್ಲೆಂಡ್ಸ್ ಇದಕ್ಕೊಂದು ಸ್ಪಷ್ಟ ದಾರಿ ಮಾಡಿಕೊಂಡಿದೆ. ಅಲ್ಲಿನ ಶಾಲಾಂತ್ಯದ ಕೇಂದ್ರೀಯ ಪರೀಕ್ಷೆಯಲ್ಲಿ ಮಗು ಪಡೆದ ಅಂಕವನ್ನು 10ರ ಮಾಪನಕ್ಕೆ ತರುವ ಸೂತ್ರದಲ್ಲಿ ‘ಎನ್’ ಎಂಬ ಒಂದು ಸಂಖ್ಯೆ ಸೇರುತ್ತದೆ. ಗಳಿಸಿದ ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿ, 9ರಿಂದ ಗುಣಿಸಿ, ಅದಕ್ಕೆ ಎನ್ ಕೂಡಿಸುತ್ತಾರೆ. ಸಾಮಾನ್ಯವಾಗಿ ಎನ್ 1ರ ಸುತ್ತ ಇರುತ್ತದೆ. ಪತ್ರಿಕೆ ಹಿಂದಿನ ವರ್ಷಗಳಿಗಿಂತ ಕಠಿಣವಾಗಿತ್ತೆಂದು ದತ್ತಾಂಶದಿಂದ ಗೊತ್ತಾದರೆ ಎನ್ ಏರುತ್ತದೆ, ಸುಲಭವಾಗಿತ್ತೆಂದರೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ ಎರಡು. ತಿದ್ದುಪಡಿ ಎಲ್ಲ ಮಕ್ಕಳಿಗೂ ಒಂದೇ ಸೂತ್ರದಿಂದ ಅನ್ವಯಿಸುತ್ತದೆ, ಫೇಲಾಗುವ ಅಂಚಿನಲ್ಲಿರುವವರಿಗೆ ಮಾತ್ರವಲ್ಲ. ಮತ್ತೆ, ಅದಕ್ಕೆ ಆಧಾರ ಪತ್ರಿಕೆಯ ಕಠಿಣತೆ. ಫಲಿತಾಂಶ ಎಷ್ಟು ಬಂದರೆ ಚೆನ್ನ ಎಂಬ ಆಸೆಯಲ್ಲ. ಅಲ್ಲಿ ಪ್ರತಿ ಉತ್ತರಪತ್ರಿಕೆಯನ್ನು ಮೊದಲು ಮಗುವಿನ ಶಿಕ್ಷಕರು, ಬಳಿಕ ಇನ್ನೊಂದು ಶಾಲೆಯ ಶಿಕ್ಷಕರು ನೋಡುತ್ತಾರೆ.

ನಮ್ಮಲ್ಲೂ ಗುಟ್ಟುಗುಟ್ಟಾಗಿ ಅಂಕ ಹೊಂದಿಸಿದ ಕಥೆಗಳಿವೆ. ಮಾಡರೇಷನ್ ಹೆಸರಿನಲ್ಲಿ ಅಂಕ ಉಬ್ಬಿಸುವುದನ್ನು ನಿಲ್ಲಿಸಲು ಸಿಬಿಎಸ್‌ಇ ಮತ್ತು ಹಲವು ರಾಜ್ಯ ಮಂಡಳಿಗಳು 2017ರ ಏಪ್ರಿಲ್‌ನಲ್ಲಿ ಒಪ್ಪಿದವು; ಪರೀಕ್ಷೆ ಮುಗಿದ ಮೇಲೆ ನಿಯಮ ಬದಲಿಸಬಾರದೆಂದು ದೆಹಲಿ ಹೈಕೋರ್ಟ್ ಆ ವರ್ಷಕ್ಕೆ ತಡೆಯಿತು. ಅಂಕ ಹೊಂದಿಸುವುದು ತಪ್ಪಲ್ಲ. ನಿಯಮವಿಲ್ಲದೆ, ಸಾರ್ವಜನಿಕರಿಗೆ ತಿಳಿಸದೆ, ಪರೀಕ್ಷೆ ಮುಗಿದ ಮೇಲೆ ಮನಸ್ಸಿಗೆ ಬಂದಂತೆ ಹೊಂದಿಸುವುದು ತಪ್ಪು.

ಕರ್ನಾಟಕಕ್ಕೆ ಇದು ಈಗ ತುರ್ತಿನ ವಿಷಯ. 2023–24ರಲ್ಲಿ ಪೂರಕ ಪರೀಕ್ಷೆಯ ಹೆಸರು ಹೋಗಿ ಪರೀಕ್ಷೆ–1, 2, 3 ಬಂದವು. ಒಂದಕ್ಕಿಂತ ಹೆಚ್ಚು ಸಲ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು. ಸಿಬಿಎಸ್‌ಇಯೂ 2026ರಿಂದ ಹತ್ತನೇ ತರಗತಿಗೆ ಎರಡು ಅವಕಾಶ ಕೊಟ್ಟಿದೆ. ಒಂದು ದಿನದ ಜ್ವರ, ಮನೆಯಲ್ಲಿನ ಒಂದು ಸಾವು ಮಗುವಿನ ವರ್ಷವನ್ನೇ ನುಂಗಬಾರದು ಎಂಬ ಈ ನಿರ್ಧಾರ ಮಾನವೀಯ. ಅದು ಪೂರ್ಣವಾಗಲು ಒಂದು ವರ್ಷದ ಎಲ್ಲ ಪತ್ರಿಕೆಗಳ ತೂಕ ಒಂದೇ ಎಂದು ತೋರಿಸಬೇಕು. ಇಲ್ಲದಿದ್ದರೆ ಮೊದಲ ಪರೀಕ್ಷೆಯಲ್ಲೇ ಚೆನ್ನಾಗಿ ಬರೆದವರಿಗೂ, ನಂತರದ್ದರಲ್ಲಿ ಪಾಸಾದವರಿಗೂ ಅನ್ಯಾಯ. ಈ ಎಲ್ಲ ಪತ್ರಿಕೆಗಳಲ್ಲಿ, ಮೊದಲೇ ಕಠಿಣತೆ ಅಳೆದಿಟ್ಟ ಕೆಲವು ಪ್ರಶ್ನೆಗಳನ್ನು ಕೊಂಡಿಯಾಗಿ ಸೇರಿಸಿದರೆ ಈ ಹೋಲಿಕೆ ಸಾಧ್ಯ. ಪ್ರಶ್ನೆಕೋಶ, ಪೂರ್ವಪರೀಕ್ಷೆ, ಅಂಕಗಳ ಸಮೀಕರಣ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು.

ಆಂತರಿಕ ಅಂಕಕ್ಕೆ ಜೀವ

ಮೂರು ಗಂಟೆಯ ಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಕೆಲವು ಸಾಮರ್ಥ್ಯ ಅದಕ್ಕೆ ಸಿಗುವುದಿಲ್ಲ: ಪ್ರಯೋಗ ಮಾಡುವ ಕೈ, ನಾಲ್ಕು ಜನರೆದುರು ವಿಷಯ ಹೇಳುವ ಮಾತು, ಊರಿನ ಕೆರೆಯ ಬಗ್ಗೆ ಮಾಹಿತಿ ಕಲೆಹಾಕುವ ತಾಳ್ಮೆ. ಇದಕ್ಕೆಂದೇ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದವಕ್ಕೆ ತಲಾ 20 ಆಂತರಿಕ ಅಂಕಗಳಿವೆ. ಬಹಳ ಕಡೆ ಅವು ಎಲ್ಲರಿಗೂ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಗುತ್ತವೆ. ತನ್ನ ಮಕ್ಕಳಿಗೆ ಪ್ರಾಮಾಣಿಕವಾಗಿ 14 ಕೊಟ್ಟ ಶಿಕ್ಷಕಿ ಪಕ್ಕದ ಶಾಲೆಯ 20ರ ಮುಂದೆ ತನ್ನ ಮಕ್ಕಳನ್ನೇ ಶಿಕ್ಷಿಸಿದಂತಾಗುತ್ತದೆ. ಅವಳನ್ನು ಆ ಇಕ್ಕಟ್ಟಿನಿಂದ ಬಿಡಿಸಬೇಕು. ಪ್ರತಿ ತಾಲ್ಲೂಕಿನಲ್ಲಿ ಕೆಲವು ಶಾಲೆಗಳ ಮಕ್ಕಳ ಕೆಲಸವನ್ನು ಚೀಟಿ ಎತ್ತಿ ಆರಿಸಿ, ಬೇರೆ ಶಾಲೆಯ ಶಿಕ್ಷಕರು ನೋಡಿ ಅಂಕ ಹೋಲಿಸುವ ಪದ್ಧತಿ ಬಂದರೆ ಪ್ರಾಮಾಣಿಕತೆಗೆ ದಂಡ ತೆರಬೇಕಾಗುವುದಿಲ್ಲ. ಈ ಅಂಕವನ್ನು ಲಿಖಿತ ಅಂಕದೊಂದಿಗೆ ಕೂಡಿಸದೆ ಅಂಕಪಟ್ಟಿಯಲ್ಲಿ ಬೇರೆಯಾಗಿಯೇ ಕಾಣಿಸುವುದು ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ ಯಾವುದು?

ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗದು. ಆದರೆ ಒಂದು ಕೆಲಸ ಬರುವ ಫಲಿತಾಂಶದ ದಿನದಿಂದಲೇ ಸಾಧ್ಯ: ಪ್ರಶ್ನೆವಾರು ವರದಿ. ಯಾವ ಪ್ರಶ್ನೆಗೆ ಎಷ್ಟು ಮಕ್ಕಳು ಸರಿ ಉತ್ತರ ಬರೆದರು, ಸಾಮಾನ್ಯವಾಗಿ ಎಲ್ಲಿ ತಪ್ಪಿದರು, ಶಿಕ್ಷಕರು ಏನು ಮಾಡಬಹುದು ಎಂಬುದನ್ನು ವಿಷಯವಾರು ಪ್ರಕಟಿಸುವುದು. ಐಸಿಎಸ್‌ಇ ಪರೀಕ್ಷೆ ನಡೆಸುವ ಮಂಡಳಿ ವಿದ್ಯಾರ್ಥಿಗಳ ಉತ್ತರಗಳ ಇಂಥ ವಿಶ್ಲೇಷಣೆಯನ್ನು ಪ್ರಕಟಿಸುತ್ತ ಬಂದಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಬಳಿ ಎಂಟು ಲಕ್ಷ ಮಕ್ಕಳ ಉತ್ತರಗಳಿವೆ. ಅವುಗಳಲ್ಲಿ ಕೆಲವು ಸಾವಿರ ಪತ್ರಿಕೆಗಳನ್ನು ಮಾದರಿಯಾಗಿ ಆಯ್ದು ವಿಶ್ಲೇಷಿಸಲು ಹೊಸ ಕಾನೂನು ಬೇಡ, ಹೊಸ ಕಟ್ಟಡ ಬೇಡ. ಪ್ರತಿ ವಿಷಯಕ್ಕೆ ಒಂದಷ್ಟು ಶಿಕ್ಷಕರು, ಒಂದು ತಿಂಗಳ ಕೆಲಸ ಸಾಕು.

ಅದರ ಬೆಲೆ ಏನೆಂದು ಜಿಲ್ಲಾವಾರು ಪಟ್ಟಿ ನೋಡಿದರೆ ತಿಳಿಯುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿ. ಆ ಪಟ್ಟಿ ಪ್ರಕಟವಾದ ಮೇಲೆ ಕೊನೆಯ ಜಿಲ್ಲೆಗಳ ಅಧಿಕಾರಿಗಳಿಗೆ ನೋಟಿಸು ಹೋಗುತ್ತದೆ, ಶಿಕ್ಷಕರ ಸಭೆ ನಡೆಯುತ್ತದೆ, ಮತ್ತಷ್ಟು ಪಾಸಿಂಗ್ ಪ್ಯಾಕೇಜ್ ಅಚ್ಚಾಗುತ್ತದೆ. ಅದರ ಬದಲು ಕಲಬುರಗಿಯ ಮಕ್ಕಳು ಗಣಿತದ ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ, ಇಂಗ್ಲಿಷಿನ ಯಾವ ಬಗೆಯ ವಾಕ್ಯ ಅವರಿಗೆ ದಕ್ಕುತ್ತಿಲ್ಲ, ವಿಜ್ಞಾನದಲ್ಲಿ ಸೋತದ್ದು ವಿಷಯಕ್ಕೋ ಪ್ರಶ್ನೆಯ ಭಾಷೆಗೋ ಎಂದು ಇಲಾಖೆಗೆ ತಿಳಿದರೆ ಯಾವ ಶಾಲೆಗೆ ಶಿಕ್ಷಕರು ಬೇಕು, ಯಾವುದಕ್ಕೆ ತರಬೇತಿ ಬೇಕು, ಯಾವುದಕ್ಕೆ ಆರನೇ ತರಗತಿಯಿಂದಲೇ ನೆರವು ಬೇಕು ಎಂದು ಕಾಣುತ್ತದೆ. ಪ್ರಶ್ನೆವಾರು ವರದಿ ಬಂದ ಮರುವರ್ಷ ಪ್ರಶ್ನೆಕೋಶದ ಕೆಲಸ ಆರಂಭವಾಗಲಿ, ಅದರ ಮರುವರ್ಷ ಅಂಕಗಳ ಸಮೀಕರಣಕ್ಕೆ ಲಿಖಿತ ನಿಯಮ ಬರಲಿ, ಸಾಮರ್ಥ್ಯ ಅಳೆಯುವ ಪ್ರಶ್ನೆಗಳ ಪಾಲು ವರ್ಷವರ್ಷ ಏರಲಿ.

ಪೋಷಕರೂ ಪತ್ರಿಕೆಗಳೂ ಶಾಸಕರೂ ಇದನ್ನು ಕೇಳಬೇಕು. ಫಲಿತಾಂಶ ಶೇಕಡಾ ಎಷ್ಟು ಎಂಬ ಒಂದೇ ಪ್ರಶ್ನೆ ಕೇಳುವವರೆಗೆ ಸರ್ಕಾರಗಳು ಆ ಒಂದು ಸಂಖ್ಯೆಯನ್ನು ಮಾತ್ರ ತಿದ್ದುತ್ತಿರುತ್ತವೆ. ನಮ್ಮ ಮಕ್ಕಳು ಏನು ಕಲಿತರು, ಏನು ಕಲಿಯಲಿಲ್ಲ, ಅದನ್ನು ನೀವು ಹೇಗೆ ಕಂಡುಕೊಂಡಿರಿ ಎಂದು ಕೇಳಲು ಶುರುಮಾಡಿದರೆ ಪ್ರಶ್ನೆಪತ್ರಿಕೆ ಬದಲಾಗುತ್ತದೆ. ಪ್ರಶ್ನೆಪತ್ರಿಕೆ ಬದಲಾದರೆ ತರಗತಿ ಬದಲಾಗುತ್ತದೆ. ಹತ್ತು ವರ್ಷ ಶಾಲೆಗೆ ಬಂದ ಪ್ರತಿ ಮಗುವಿಗೂ ತಾನು ಏನು ಮಾಡಬಲ್ಲೆ ಎಂದು ನಿಜ ಹೇಳುವ ಅಂಕಪಟ್ಟಿ ಪಡೆಯುವ ಹಕ್ಕಿದೆ.